ನಲವತ್ತು ಗುಂಡಿಗಳ ಅಂಗಿ

ಆಸ್ಪತ್ರೆಗಳ ಸುರಕ್ಷತಾ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ,

ನೀವು ನನ್ನ ಮೊಮ್ಮಗಳ ಆಟದ ಸಾಮಾನುಗಳನ್ನು ಹಳದಿ ಚೀಲಕ್ಕೆ ತುಂಬಿಸಿ ಸುಡಲು ಕಳಿಸಿದಿರಿ. ಈಗ ಅವಳ ಬಲಗೈ ಹೆಬ್ಬೆರಳು ಕೈಯಲ್ಲೇ ಇದೆ, ಆದರೆ ಯಾವ ಕೆಲಸಕ್ಕೂ ಬಾರದು. ಇದು ನನ್ನ ದೂರು. ಮೊದಲು ಪೀಠಿಕೆ ಹಾಕಿ, ತಮ್ಮ ಅಮೂಲ್ಯ ಸಮಯಕ್ಕೆ ಕ್ಷಮೆ ಕೋರಿ, ಆಮೇಲೆ ವಿಷಯಕ್ಕೆ ಬರುವ ಪದ್ಧತಿ ನನಗೂ ಗೊತ್ತಿದೆ. ಹಾಗೆ ಬರೆದ ಮೂರು ಅರ್ಜಿಗಳು ನಿಮ್ಮ ಕಚೇರಿಯಲ್ಲಿ ಸ್ವೀಕೃತಿಯ ಮುದ್ರೆ ಹೊಡೆಸಿಕೊಂಡು ನೆಮ್ಮದಿಯಾಗಿ ಮಲಗಿವೆ. ಅದಕ್ಕೇ ಈ ನಾಲ್ಕನೆಯದನ್ನು ನಾಲ್ಕು ಜನ ಓದುವ ಪತ್ರಿಕೆಗೂ ಬರೆಯುತ್ತಿದ್ದೇನೆ.

ನಿಮ್ಮ ಆದೇಶದ ಪ್ರತಿ ನನ್ನ ಮುಂದಿದೆ. "ಸುಟ್ಟಗಾಯದ ಮಕ್ಕಳ ವಾರ್ಡಿನಲ್ಲಿ ಕಂಡುಬಂದಿರುವ, ಪ್ರಮಾಣೀಕೃತವಲ್ಲದ ಗೃಹನಿರ್ಮಿತ ಆಟಿಕೆಗಳನ್ನು ಈ ಕೂಡಲೇ ತೆರವುಗೊಳಿಸಿ, ನಿಯಮಾನುಸಾರ ವಿಲೇವಾರಿ ಮಾಡತಕ್ಕದ್ದು." ಎಂಥ ಗಟ್ಟಿ ವಾಕ್ಯ! ಓದಿದವರು ವಾರ್ಡಿನಲ್ಲಿ ಮದ್ದುಗುಂಡು ಸಿಕ್ಕಿತೇನೋ ಎಂದುಕೊಳ್ಳಬೇಕು. ಸಿಕ್ಕಿದ್ದೇನೆಂದು ಆದೇಶದಲ್ಲಿ ಬರೆದಿಲ್ಲ, ನನ್ನ ಮೊಮ್ಮಗಳ ಪಾಲಿನದನ್ನು ನಾನು ಹೇಳುತ್ತೇನೆ. ಮುಚ್ಚಳದಲ್ಲಿ ಸೀಳು ಕೊರೆದ ಒಂದು ಪ್ಲಾಸ್ಟಿಕ್ ಡಬ್ಬಿ, ಆ ಸೀಳಿನೊಳಗೆ ಹಾಕಲು ಅರವತ್ತು ಗುಂಡಿಗಳು. ಖಾಲಿ ದಾರದ ರೀಲುಗಳನ್ನು ಪೋಣಿಸಿದ ಒಂದು ರೈಲು. ಪುಟಕ್ಕೊಂದು ಜಿಪ್ಪು, ಕೊಕ್ಕೆ, ಟಿಚ್ ಬಟನ್ ಇರುವ ಬಟ್ಟೆಯ ಪುಸ್ತಕ. ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಕತ್ತರಿಸಿದ ಐದು ಮುಖಗಳು, ಅವಕ್ಕೆ ಕೂದಲಾಗಿ ಸಿಕ್ಕಿಸಲು ಬಟ್ಟೆ ಒಣಗಿಸುವ ಕ್ಲಿಪ್ಪುಗಳು. ಕಾಲುಚೀಲಕ್ಕೆ ಚಿಂದಿ ತುಂಬಿದ ಒಂದು ಆನೆ. ಇವಿಷ್ಟೂ ಆಪಾದಿತರು. ವಿಚಾರಣೆ ನಡೆಯಲಿಲ್ಲ, ನೇರ ಶಿಕ್ಷೆ.

ನಾನು ದರ್ಜಿ. ಐವತ್ತೊಂದು ವರ್ಷದಿಂದ ಊರವರ ಅಂಗಿ ಹೊಲಿಯುತ್ತಿದ್ದೇನೆ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಮಗಳು ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ, ಅಳಿಯ ಲಾರಿ ಹತ್ತಿದರೆ ವಾರಗಟ್ಟಲೆ ಮುಖ ತೋರಿಸುವುದಿಲ್ಲ. ಹಾಗಾಗಿ ನಾಲ್ಕು ವರ್ಷದ ಮೊಮ್ಮಗಳು ಹಗಲೆಲ್ಲ ನನ್ನ ಮಿಷನ್ನಿನ ಬುಡದಲ್ಲಿ. ಕೈಕಾಲು ಒಂದು ಕಡೆ ನಿಲ್ಲದ ಹುಡುಗಿ, ಅದಕ್ಕೆ ನಾವೆಲ್ಲ ಅವಳನ್ನು ಚೂಟಿ ಎಂದೇ ಕರೆಯುವುದು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮುಚ್ಚಿಟ್ಟರೆ ನಿಮಗೂ ನನಗೂ ವ್ಯತ್ಯಾಸ ಉಳಿಯುವುದಿಲ್ಲ. ಆ ದಿನ ಬೆಳಿಗ್ಗೆಯಿಂದ ಅವಳದು ಒಂದೇ ರಾಗ. "ಅಜ್ಜಾ, ಗುಂಡಿ ಡಬ್ಬಿ ಕೊಡೋ."

"ಬೇಡಮ್ಮಾ, ಚೆಲ್ಲಾಡ್ತೀಯ."

"ಚೆಲ್ಲಲ್ಲ ಅಜ್ಜಾ. ಸುಮ್ನೆ ನೋಡ್ತೀನಿ ಅಷ್ಟೇ."

"ಬೇಡ ಅಂದ್ನಲ್ಲ! ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ?"

ಹಿಂದಿನ ದಿನವಷ್ಟೇ ಕೂತು ಗುಂಡಿಗಳನ್ನು ಅಳತೆಯಂತೆ, ಬಣ್ಣದಂತೆ ಬೇರೆ ಬೇರೆ ಮಾಡಿಟ್ಟಿದ್ದೆ. ಅದು ಕೆಡಬಾರದು ಎಂಬುದೊಂದೇ ನನ್ನ ಚಿಂತೆ. ಡಬ್ಬಿ ಮೇಜಿನ ಮೇಲಿತ್ತು, ಪಕ್ಕದಲ್ಲೇ ಕಾದ ಇಸ್ತ್ರಿ ಪೆಟ್ಟಿಗೆ. ಅದರ ವೈರು ಗಿಡ್ಡ, ಸಾಕೆಟ್ಟು ದೂರ, ಆದ್ದರಿಂದ ಪೆಟ್ಟಿಗೆ ಯಾವಾಗಲೂ ಮೇಜಿನ ಅಂಚಿನಲ್ಲೇ ನಿಲ್ಲುತ್ತಿತ್ತು. ಉದ್ದದ ವೈರು ಹಾಕಿಸಬೇಕೆಂದು ಹನ್ನೊಂದು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ನಾನು ಗಿರಾಕಿಯೊಬ್ಬರ ಕುತ್ತಿಗೆಗೆ ಟೇಪು ಹಿಡಿದು ಆ ಕಡೆ ತಿರುಗಿದ್ದಾಗ ಚೂಟಿ ಸ್ಟೂಲು ಹತ್ತಿ ಡಬ್ಬಿಗೆ ಕೈಚಾಚಿದಳು, ಆಸರೆಗೆ ವೈರು ಹಿಡಿದಳು. ಪೆಟ್ಟಿಗೆ ಜಾರಿತು. ಅವಳು ಹಿಂದೆ ಸರಿಯಲಿಲ್ಲ ಸ್ವಾಮಿ, ಬೀಳುತ್ತಿದ್ದುದನ್ನು ಹಿಡಿಯಲು ಹೋದಳು. ಆಸ್ಪತ್ರೆಗೆ ಓಡುವ ದಾರಿಯಲ್ಲಿ ಅಳುವಿನ ನಡುವೆ ಅವಳು ಹೇಳಿದ್ದು, "ನಿನ್ ಇಸ್ತ್ರಿ ಪೆಟ್ಟಿಗೆ ಒಡೆದುಹೋಗತ್ತೆ ಅಂತ ಹಿಡ್ಕೊಂಡೆ ಅಜ್ಜಾ."

ನಾಲ್ಕು ವರ್ಷದಲ್ಲಿ ಆ ಮಗುವಿಗೆ ನಾನು ಒಂದೇ ಒಂದು ಆಟಿಕೆ ಮಾಡಿಕೊಟ್ಟಿರಲಿಲ್ಲ. ದಿನಾ ಒಂದು ಬುಟ್ಟಿ ಚಿಂದಿ ಗುಡಿಸಿ ಬಿಸಾಡುತ್ತಿದ್ದೆ. ಆಡಲು ಏನೂ ಇಲ್ಲದ ಮಗು ಸುಮ್ಮನೆ ಕೂರುವುದಿಲ್ಲ, ಕೈಗೆ ಸಿಕ್ಕಿದ್ದರಲ್ಲಿ ಆಡುತ್ತದೆ. ಇದನ್ನು ಕಲಿಯಲು ನನಗೆ ಅರವತ್ತೊಂಬತ್ತು ವರ್ಷ ಬೇಕಾಯಿತು, ಕಲಿಕೆಯ ಶುಲ್ಕವನ್ನು ಅವಳು ಕಟ್ಟಿದಳು.

ವಾರ್ಡಿನಲ್ಲಿ ಅವಳದು ಕಿಟಕಿ ಪಕ್ಕದ ಹಾಸಿಗೆ. ಮಗಳು ಕೆಲಸಕ್ಕೆ ರಜೆ ಹಾಕಿ ಜೊತೆಗೇ ಇದ್ದಳು, ನಾನು ಸಂಜೆ ನಾಲ್ಕರಿಂದ ಆರು. ಚರ್ಮ ಕಸಿ ಮಾಡಿದರು. ಗಾಯ ಮಾಯುತ್ತಾ ಬಂದಂತೆ ಚರ್ಮ ಬಿಗಿಯುತ್ತದೆ, ಬೆರಳನ್ನು ಒಳಕ್ಕೆ ಎಳೆಯುತ್ತದೆ, ದಿನಾ ಬಿಡಿಸಿ ಆಡಿಸದಿದ್ದರೆ ಕೈ ಮುದುಡಿದಂತೆಯೇ ಉಳಿಯುತ್ತದೆ ಎಂದರು ಡಾಕ್ಟರು. ವ್ಯಾಯಾಮ ಮಾಡಿಸುವ ಮೇಡಂ ಒಳ್ಳೆಯವರೇ. ಆದರೆ ಇಡೀ ಆಸ್ಪತ್ರೆಗೆ ಅವರೊಬ್ಬರೇ, ಒಂದು ಮಗುವಿಗೆ ದಿನಕ್ಕೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ಚೂಟಿ ಬಲಗೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟು ಕಿರುಚುತ್ತಿದ್ದಳು. ಹಿಡಿದುಕೊಳ್ಳಲು ಮೂರು ಜನ ಬೇಕಾಗುತ್ತಿತ್ತು, ಮೂರನೆಯವಳು ಅವಳ ತಾಯಿ. ಹಾಗೆ ಹಿಡಿದ ಮೇಲೆ ನನ್ನ ಮಗಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ವ್ಯಾಯಾಮ ಶುರುವಾದ ಐದನೆಯ ದಿನ ನಾನು ಜೇಬಿನಲ್ಲಿ ಗುಂಡಿ ಇಟ್ಟುಕೊಂಡು ಹೋದೆ. ಕೋಟಿನ ದೊಡ್ಡ ಗುಂಡಿ, ಕಡುನೀಲಿ. ಅವಳು ಕೇಳಿದ್ದ ಡಬ್ಬಿಯಿಂದಲೇ. ಅವಳ ಮುಂದಿಟ್ಟೆ. ತುಂಬಾ ಹೊತ್ತು ನೋಡಿದಳು. ಆಮೇಲೆ ಬಲಗೈ ಹೊದಿಕೆಯಿಂದ ತಾನಾಗಿಯೇ ಹೊರಗೆ ಬಂತು.

ವಾರ್ಡಿನ ದೊಡ್ಡ ಸಿಸ್ಟರ್ ಇದನ್ನು ಬಾಗಿಲಲ್ಲೇ ನಿಂತು ನೋಡಿದ್ದರು. ಕರೆದು ಬೈಯುತ್ತಾರೆಂದುಕೊಂಡೆ. ಬೈದರು ಕೂಡ. "ಮಾಸ್ಟ್ರೇ, ಹೊರಗಿನ ಗುಂಡಿ ಹೀಗೆ ತಂದ್ರೆ ಗಾಯಕ್ಕೆ ಸೋಂಕಾಗತ್ತೆ. ಕುದಿಸಿ ತನ್ನಿ. ಒಬ್ರುದು ಇನ್ನೊಬ್ರಿಗೆ ಕೊಡೋ ಹಾಗಿಲ್ಲ, ಮಗುಗೊಂದು ಚೀಲ. ದೊಡ್ಡೋರು ಪಕ್ಕದಲ್ಲಿ ಇಲ್ದೆ ಗುಂಡಿ ಮುಟ್ಟೋ ಹಾಗಿಲ್ಲ, ಲೆಕ್ಕ ಹಾಕಿ ಕೊಡಿ, ಲೆಕ್ಕ ಹಾಕಿ ತಗೊಳ್ಳಿ. ರಟ್ಟಿಂದು ಬೇಡ, ಒರೆಸೋಕಾಗಲ್ಲ." ರಟ್ಟಿನ ಬದಲಿಗೆ ಹಳೆಯ ಎಕ್ಸ್‌ರೇ ಹಾಳೆ ಹುಡುಕಿ ಕೊಟ್ಟವರೂ ಅವರೇ. ನಿಮ್ಮ ಆದೇಶದಲ್ಲಿ ಸೋಂಕು, ಉಸಿರುಗಟ್ಟುವ ಅಪಾಯ ಎಂದೆಲ್ಲ ಬರೆದಿದ್ದೀರಿ. ಆ ಭಯ ಸುಳ್ಳಲ್ಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಭಯ ಆ ಹೆಂಗಸಿಗೂ ಇತ್ತು, ಆಕೆ ಅದಕ್ಕೆ ನಾಲ್ಕು ನಿಯಮ ಮಾಡಿದರು. ನೀವು ಒಂದು ಚೀಲ ತರಿಸಿದಿರಿ.

ಕೋಟಿನ ಗುಂಡಿ ಹಿಡಿಯಲು ಬಂದ ಮೇಲೆ ಪ್ಯಾಂಟಿನ ಗುಂಡಿ, ಅದು ಬಂದ ಮೇಲೆ ಅಂಗಿಯದು. ಗುಂಡಿ ಚಿಕ್ಕದಾದಂತೆ ಮುಚ್ಚಳದ ಸೀಳೂ ಚಿಕ್ಕದು. ಕೊನೆಗೆ ಕಾಲರಿನ ತುದಿಗೆ ಹಾಕುವ ಪುಟ್ಟ ಗುಂಡಿ ಬರಬೇಕಿತ್ತು. ಪ್ರತಿ ಸೋಮವಾರ ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಟೇಪು ಹಿಡಿದು, ನನ್ನ ಅಳತೆ ಪುಸ್ತಕದಲ್ಲಿ ಅವಳದೇ ಒಂದು ಪುಟ ಮಾಡಿ ಬರೆದೆ. ಎಡಗೈ ಮೂರೂವರೆ ಇಂಚು ಅಗಲುತ್ತಿತ್ತು. ಬಲಗೈ ಮೊದಲ ಸೋಮವಾರ ಮುಕ್ಕಾಲು ಇಂಚು. ಆಮೇಲೆ ಒಂದೂಕಾಲು. ಆಮೇಲೆ ಒಂದೂಮುಕ್ಕಾಲು. ಐದನೆಯ ಸೋಮವಾರ ಎರಡೂವರೆ. ವ್ಯಾಯಾಮದ ಮೇಡಂ ತಮ್ಮ ಹತ್ತು ನಿಮಿಷವನ್ನೂ ಡಬ್ಬಿ ಮುಂದೆ ಕೂತೇ ಕಳೆಯತೊಡಗಿದ್ದರು, ಯಾರೂ ಯಾರನ್ನೂ ಹಿಡಿದುಕೊಳ್ಳಬೇಕಾಗಿರಲಿಲ್ಲ. ಬೇರೆ ಹಾಸಿಗೆಗಳ ಅಮ್ಮಂದಿರೂ ಕೇಳಿದರು. ಅಂಗಡಿಯ ಕೆಲಸ ಬದಿಗಿಟ್ಟು ಒಂಬತ್ತು ಮಕ್ಕಳಿಗೆ ಒಂಬತ್ತು ಚೀಲ ಹೊಲಿದೆ. ಆನೆಯ ಸೊಂಡಿಲನ್ನು ಹೆಬ್ಬೆರಳಿಂದ ಒತ್ತಿದರೆ ಮಾತ್ರ ಕಿವಿ ಅಲ್ಲಾಡುವಂತೆ ಒಳಗೊಂದು ದಾರ ಕೂರಿಸಿದ್ದೆ. ಬದುಕಿನಲ್ಲಿ ನನ್ನ ಕಸುಬಿನ ಬಗ್ಗೆ ಜಂಬ ಪಟ್ಟಿದ್ದು ಆ ಒಂದು ತಿಂಗಳು.

ಆರನೆಯ ವಾರದ ಮಂಗಳವಾರ ನಿಮ್ಮ ಸವಾರಿ ಬಂತು. ಬಂದ ಕಾರಣ ಆಮೇಲೆ ತಿಳಿಯಿತು. ಇನ್ನೊಂದು ಆಸ್ಪತ್ರೆಯಲ್ಲಿ ಅಂಗಡಿಯಿಂದ ಕೊಂಡು ತಂದಿದ್ದ, ಮುದ್ರೆ ಇದ್ದ, ಪೆಟ್ಟಿಗೆಯಲ್ಲಿ ಬಂದಿದ್ದ ಬೊಂಬೆಯ ಚಕ್ರ ಕಳಚಿ ಮಗುವಿನ ಗಂಟಲಿಗೆ ಸಿಕ್ಕಿಕೊಂಡಿತ್ತಂತೆ. ದೇವರ ದಯೆ, ಮಗು ಉಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಕೇಳಿದ್ದೆ. ಸುಟ್ಟಗಾಯದ ವಾರ್ಡಿನಲ್ಲೇ ಬರೆ ಎಳೆಯುವುದನ್ನು ಕಣ್ಣಾರೆ ಕಂಡೆ. "ಇವಕ್ಕೆಲ್ಲ ಸರ್ಟಿಫಿಕೇಟ್ ಇದೆಯೇನ್ರೀ?" ಎಂದು ದೊಡ್ಡ ಸಿಸ್ಟರನ್ನು ಕೇಳಿದಿರಿ. ಅವರು ಕುದಿಸುವ ಪಾತ್ರೆ ತೋರಿಸಿದರು, ಲೆಕ್ಕದ ಹಾಳೆ ತೋರಿಸಿದರು, ಚೂಟಿಯ ಕೈಯನ್ನೇ ಎತ್ತಿ ತೋರಿಸಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನಿಮಗೆ ಕನ್ನಡಿಯೂ ಸಾಲದು, ಅದಕ್ಕೊಂದು ಪ್ರಮಾಣಪತ್ರವೂ ಬೇಕು. ಹತ್ತು ನಿಮಿಷದಲ್ಲಿ ಚೀಲ ತುಂಬಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆನೆಯನ್ನು ಚೂಟಿ ಕೊಡಲಿಲ್ಲ, ಎರಡೂ ಕೈಯಲ್ಲಿ ಅವುಚಿಕೊಂಡಳು. ಬಿಡಿಸಿಕೊಂಡವರಿಗೆ ಅವಳ ಬಲಗೈಯ ಹಿಡಿತ ಎಷ್ಟು ಗಟ್ಟಿಯಾಗಿತ್ತೆಂದು ಗೊತ್ತಾಗಿರಬೇಕು.

ಅನ್ಯಾಯ ಹೇಳಬಾರದು, ಬದಲಿ ವ್ಯವಸ್ಥೆಯನ್ನೂ ಮಾಡಿದಿರಿ. ಎರಡೇ ವಾರದಲ್ಲಿ ಗಾಜಿನ ಕಪಾಟು ಬಂತು, ಒಳಗೆ ಬಣ್ಣಬಣ್ಣದ ಆಟಿಕೆಗಳು, ಎಲ್ಲಕ್ಕೂ ಮುದ್ರೆ. ಕಪಾಟಿಗೆ ಬೀಗ. ಬೀಗದ ಕೈ ಕೆಳಗಿನ ಉಗ್ರಾಣದಲ್ಲಿ. ಬೇಕೆಂದರೆ ಎರಡು ಸಹಿ. ಕಳೆದರೆ, ಒಡೆದರೆ ಹೊಣೆ ಸಹಿ ಹಾಕಿದವರದು. ಹೀಗಿರುವಾಗ ಯಾವ ನರ್ಸ್ ಸಹಿ ಹಾಕುತ್ತಾಳೆ, ನೀವೇ ಹೇಳಿ? ನನಗೆ ತಿಳಿದಂತೆ ಆ ಬೀಗ ಒಮ್ಮೆ ಮಾತ್ರ ತೆರೆದಿದೆ, ನಿಮ್ಮ ಫೋಟೋ ತೆಗೆಯಲು. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದವು. ಆಟಿಕೆಗಳಿಂದ ಒಂದೇ ಒಂದು ಅಪಘಾತವಾಗಲಿಲ್ಲ ಎಂದು ನಿಮ್ಮ ವರದಿಯಲ್ಲಿ ಬರೆದಿರುತ್ತೀರಿ. ನಿಜವೇ.

ಚೂಟಿ ಮತ್ತೆ ಕೈ ಬಚ್ಚಿಡತೊಡಗಿದಳು. ಸೋಮವಾರ ಎರಡೂಕಾಲು, ಅದರ ಮುಂದಿನ ಸೋಮವಾರ ಎರಡು. ಮನೆಯಲ್ಲಿ ಹೊಸ ಡಬ್ಬಿ ಮಾಡಿ ತಂದೆ, ಗೇಟಿನಲ್ಲಿ ಹಿಡಿದರು. ಜೇಬಿನಲ್ಲಿ ಗುಂಡಿ ತಂದೆ, ಜೇಬು ತಡಕಿದರು. ಕಾವಲುಗಾರನೂ ಮಕ್ಕಳೊಂದಿಗ, "ಬೇಜಾರ್ ಮಾಡ್ಕೋಬೇಡಿ ಮಾಸ್ಟ್ರೇ, ನನ್ ಕೆಲ್ಸ ಹೋಗತ್ತೆ" ಎಂದ. ಆ ದಿನ ಮನೆಗೆ ಹೋಗಿ ಅಂಗಿ ಹಾಕಿಕೊಂಡಿದ್ದ ಹಾಗೇ ಕನ್ನಡಿ ಮುಂದೆ ನಿಂತೆ. ಎದೆಯ ಮೇಲೆ ಏಳು ಗುಂಡಿ, ಏಳು ಕಾಜಾ. ದರ್ಜಿಗೆ ಇದು ಹೊಳೆಯಲು ಎರಡು ವಾರ ಬೇಕಾಯಿತಲ್ಲ ಎಂದು ನನ್ನ ಹಣೆಗೆ ನಾನೇ ಬಡಿದುಕೊಂಡೆ. ಮಾರನೆಯ ಸಂಜೆಗೆ ಅಂಗಿ ತಯಾರಾಗಿತ್ತು: ಎದೆಗೆ ಮೂರು ಸಾಲು, ಎರಡು ತೋಳಿಗೂ ಮೇಲಿಂದ ಕೆಳಗೆ, ಜೇಬಿನ ಸುತ್ತ. ಒಟ್ಟು ನಲವತ್ತು ಗುಂಡಿ, ದೊಡ್ಡದರಿಂದ ಚಿಕ್ಕದಕ್ಕೆ, ಪ್ರತಿಯೊಂದಕ್ಕೂ ಕೈಯಲ್ಲಿ ಹೊಲಿದ ಕಾಜಾ. ಕಾವಲುಗಾರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇದೇನ್ ಮಾಸ್ಟ್ರೇ, ಗುಂಡಿ ಅಂಗಡಿ ಮೈಮೇಲೇ ತೆರೆದಿದ್ದೀರಾ?" ಎಂದ. ಆಮೇಲೆ ಮುಖ ಆ ಕಡೆ ತಿರುಗಿಸಿ, "ಅಂಗಿ ಬಿಚ್ಚಿಸಿ ಅಂತ ಆರ್ಡರಲ್ಲಿ ಬರೆದಿಲ್ಲ, ಹೋಗಿ" ಎಂದ.

ದಿನಕ್ಕೆ ಎರಡು ಗಂಟೆ ನಾನು ಹಾಸಿಗೆ ಪಕ್ಕ ಕೂರುತ್ತಿದ್ದೆ, ಚೂಟಿ ನನ್ನ ಮೈಮೇಲಿನ ಗುಂಡಿಗಳನ್ನು ಬಿಚ್ಚಿ ಹಾಕಿ ಮಾಡುತ್ತಿದ್ದಳು. ತೋಳಿನದು ಸುಲಭ, ಜೇಬಿನದು ಕಷ್ಟ. ಹತ್ತು ದಿನ. ಸೋಮವಾರ ಎರಡೂಕಾಲು. ಹನ್ನೊಂದನೆಯ ದಿನ ನೀವು ಮತ್ತೆ ಬಂದಿರಿ, ಕಪಾಟು ನೋಡಲು. ನನ್ನ ಮುಂದೆ ನಿಂತು, "ಏನ್ರೀ ಇದು, ಇಷ್ಟೊಂದು ಗುಂಡಿ?" ಎಂದಿರಿ. ನಾನು ಬಾಯಿ ತೆರೆಯುವ ಮೊದಲೇ ಚೂಟಿ ಹೇಳಿಬಿಟ್ಟಳು. "ಅಂಕಲ್, ಇದು ಅಂಗಿ ಅಲ್ಲ, ನನ್ನ ಆಟದ ಸಾಮಾನು. ಇದನ್ನ ಚೀಲಕ್ಕೆ ಹಾಕೋಕಾಗಲ್ಲ, ಒಳಗೆ ಅಜ್ಜ ಇದಾನೆ!" ವಾರ್ಡೆಲ್ಲ ನಕ್ಕಿತು. ನೀವೂ ನಕ್ಕಿರಿ, ಅವಳ ತಲೆ ಸವರಿದಿರಿ. ನಿಮ್ಮ ನಗು ನೋಡಿ ನಾನು ಬದುಕಿದೆ ಎಂದುಕೊಂಡೆ. ಮಾರನೆಯ ದಿನ ಸುತ್ತೋಲೆ ಬಂತು: ವಾರ್ಡಿನೊಳಗೆ ಬರುವವರು, ಇರುವವರು ಎಲ್ಲರೂ ತಮ್ಮ ಉಡುಪಿನ ಮೇಲೆ ಆಸ್ಪತ್ರೆಯ ಹಸಿರು ನಿಲುವಂಗಿಯನ್ನು ಕಡ್ಡಾಯವಾಗಿ ಧರಿಸತಕ್ಕದ್ದು. ಆ ನಿಲುವಂಗಿಗೆ ಗುಂಡಿ ಇಲ್ಲ, ಬೆನ್ನ ಹಿಂದೆ ಲಾಡಿ.

ಈ ನಿಯಮ ಸೋಂಕಿಗೆ ಒಳ್ಳೆಯದೇ ಎಂದು ಡಾಕ್ಟರು ಹೇಳಿದರು, ಇರಬಹುದು. ಹಾಗಾದರೆ ಅದು ಮೊದಲ ದಿನವೇ ಏಕೆ ಬರಲಿಲ್ಲ? ಮಗು ನಕ್ಕ ಮಾರನೆಯ ದಿನವೇ ಏಕೆ ಬಂತು? ಆ ಸಂಜೆ ಹಸಿರು ಬಟ್ಟೆಯಲ್ಲಿ ನಾನು ಹೋದಾಗ ಚೂಟಿ ಅದನ್ನು ಎತ್ತಿ ಒಳಗೆ ಹುಡುಕಿದಳು. ಆಯಾ ಬಂದು ಕೈ ತೆಗೆಸಿದಳು. "ನಾನೇ ಹೇಳ್ಬಿಟ್ಟೆ ಅಲ್ವಾ ಅಜ್ಜಾ? ಹೇಳ್ಬಾರದಿತ್ತು" ಎಂದಳು ನನ್ನ ಮೊಮ್ಮಗಳು. ನಾಲ್ಕು ವರ್ಷದ ಮಗುವಿಗೆ ನಿಜ ಹೇಳಿದ್ದೇ ತಪ್ಪು ಎಂದು ಕಲಿಸಿದ ಸಾಧನೆಯೂ ನಿಮ್ಮ ವರದಿಯಲ್ಲಿ ಸೇರಲಿ.

ಆಮೇಲಿನ ಅಳತೆಗಳು: ಎರಡು, ಒಂದೂವರೆ, ಒಂದೂಕಾಲು, ಒಂದು. ಬಿಡಿಸಲೆಂದು ಇನ್ನೊಂದು ಆಪರೇಷನ್ ಮಾಡಿದರು, ಫಲ ಕೊಡಲಿಲ್ಲ. ಆಟಿಕೆಗಳು ಇದ್ದಿದ್ದರೆ ಕೈ ಪೂರ್ತಿ ಸರಿಹೋಗುತ್ತಿತ್ತು ಎಂದು ನಾನು ಆಣೆ ಮಾಡಲಾರೆ, ಡಾಕ್ಟರೂ ಮಾಡಲಾರರು. ನಾನು ಟೇಪು ಹೇಳಿದ್ದನ್ನು ಮಾತ್ರ ಹೇಳುತ್ತಿದ್ದೇನೆ. ಟೇಪಿಗೆ ನನ್ನ ಮೇಲೂ ಪ್ರೀತಿಯಿಲ್ಲ, ನಿಮ್ಮ ಮೇಲೂ ದ್ವೇಷವಿಲ್ಲ.

ಈಗ ಅವಳಿಗೆ ಐದು ತುಂಬಿದೆ, ಶಾಲೆಗೆ ಸೇರಿಸಿದ್ದೇವೆ. ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಾಳೆ. ಕಳೆದ ತಿಂಗಳು ಅವಳ ಸಮವಸ್ತ್ರ ಹೊಲಿದೆ. ತಾನೇ ಹಾಕಿಕೊಳ್ಳಬೇಕೆಂದು ಹಟ ಮಾಡಿ ಮೊದಲ ಗುಂಡಿಯ ಜೊತೆ ಅರ್ಧ ಗಂಟೆ ಒದ್ದಾಡಿದಳು. ನಾನು ನೋಡಲಾರದೆ ಅಂಗಿ ಇಸಿದುಕೊಂಡು ಗುಂಡಿಗಳನ್ನೆಲ್ಲ ಕತ್ತರಿಸಿದೆ, ಕಾಜಾಗಳನ್ನು ಹೊಲಿದು ಮುಚ್ಚಿದೆ, ತಲೆಯಿಂದ ಎಳೆದುಕೊಳ್ಳುವ ಹಾಗೆ ಮಾಡಿಕೊಟ್ಟೆ. ಐವತ್ತೊಂದು ವರ್ಷದಲ್ಲಿ ಗುಂಡಿ ಇಲ್ಲದ ಶಾಲೆಯ ಅಂಗಿ ನಾನು ಹೊಲಿದದ್ದು ಅದೊಂದೇ. ಹೊಲಿಯುವಾಗ ಅತ್ತೆ ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಮಾನ್ಯರೇ, ಬೇಡ ಎನ್ನುವುದು ಬಹಳ ಸುಲಭ. ನಾನೂ ಅಂದಿದ್ದೆ. ನನ್ನ ಡಬ್ಬಿ ಅಚ್ಚುಕಟ್ಟಾಗಿ ಉಳಿಯಿತು, ನಿಮ್ಮ ಕಪಾಟೂ ಹಾಗೇ ಉಳಿದಿದೆ. ವ್ಯತ್ಯಾಸ ಇಷ್ಟೇ, ನನ್ನ 'ಬೇಡ' ಏನು ಮಾಡಿತೆಂದು ನನಗೆ ದಿನಾ ಕಾಣುತ್ತದೆ. ನಿಮ್ಮದು ನಿಮಗೆ ಕಾಣುವುದಿಲ್ಲ. ಕಾಣಲೆಂದೇ ಇದನ್ನು ಬರೆದದ್ದು.

ನಾನು ಪರಿಹಾರ ಕೇಳುತ್ತಿಲ್ಲ, ಕ್ಷಮೆಯನ್ನೂ ಕೇಳುತ್ತಿಲ್ಲ. ಆ ಆದೇಶವನ್ನು ಹಿಂತೆಗೆದುಕೊಳ್ಳಿ. ದೊಡ್ಡ ಸಿಸ್ಟರ್ ಮಾಡಿದ ನಾಲ್ಕು ಮಾತನ್ನು ನಿಯಮ ಮಾಡಿ: ಕುದಿಸಿದ್ದು, ಮಗುವಿಗೊಂದು ಚೀಲ, ಪಕ್ಕದಲ್ಲಿ ದೊಡ್ಡವರು, ಒರೆಸಲು ಬರುವಂಥದ್ದು. ಕಪಾಟಿನ ಬೀಗದ ಕೈಯನ್ನು ವಾರ್ಡಿನೊಳಗೇ ಒಂದು ಮೊಳೆಗೆ ನೇತುಹಾಕಿಸಿ. ಈ ಪತ್ರದ ಒಂದು ಪ್ರತಿಯ ಜೊತೆ ನಲವತ್ತು ಗುಂಡಿಗಳ ಆ ಅಂಗಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ, ಒಗೆದು ಕುದಿಸಿದ್ದೇನೆ. ಬೇಕಾದ ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲು ನಿಮ್ಮ ಬಲಗೈ ಹೆಬ್ಬೆರಳನ್ನು ಅಂಗೈಗೆ ಒತ್ತಿ ಒಂದು ಪಟ್ಟಿ ಕಟ್ಟಿಕೊಂಡು, ಒಮ್ಮೆ ಅದನ್ನು ಹಾಕಿಕೊಂಡು ನೋಡಿ.

ಒಂದು ಮಾತು ಉಳಿಯಿತು, ಅವಸರದ್ದು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಈಗ ಮೂರು ವರ್ಷದ ಇನ್ನೊಂದು ಹೆಣ್ಣುಮಗು ಇದೆ, ಕುದಿಯುವ ನೀರು ಬಿದ್ದ ಕೈ. ನನ್ನನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಅದರ ತಾಯಿ ಪ್ರತಿ ಸೋಮವಾರ ಮಗುವಿನ ಬೆರಳಗಲವನ್ನು ಒಂದು ದಾರದಲ್ಲಿ ಅಳೆದು, ಎರಡು ಗಂಟು ಹಾಕಿ ನನ್ನ ಅಂಗಡಿಗೆ ತರುತ್ತಾಳೆ. ನಾನು ಟೇಪಿನ ಮೇಲಿಟ್ಟು ಓದಿ ಹೇಳುತ್ತೇನೆ. ಹೋದ ಸೋಮವಾರ ಒಂದೂಮುಕ್ಕಾಲು ಇತ್ತು. ಈ ಸೋಮವಾರ ಒಂದೂವರೆ. "ಹೆಚ್ಚಾಯ್ತಾ ಮಾಸ್ಟ್ರೇ?" ಎಂದು ಕೇಳಿದಳು. ಗಂಟು ಸರಿಯಾಗಿ ಬಿದ್ದಿಲ್ಲ, ಮುಂದಿನ ವಾರ ನೋಡೋಣ ಎಂದು ಸುಳ್ಳು ಹೇಳಿ ಕಳಿಸಿದ್ದೇನೆ. ಮುಂದಿನ ಸೋಮವಾರ ಅವಳು ಮತ್ತೆ ದಾರ ತರುತ್ತಾಳೆ.

ಇಂತಿ,
ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ಅಂಚಿನಲ್ಲಿಟ್ಟಿದ್ದ,
ಕೇಳಿದಾಗ ಗುಂಡಿ ಡಬ್ಬಿ ಕೊಡದ
ಒಬ್ಬ ಅಜ್ಜ